ಬ್ರೌನ್ ಏಲ್‌ನಲ್ಲಿ ಸಿಕ್ಕ ಕುಂದಾ ವಾಸನೆ

ಮೊದಲ ಸಲ ಈ ಬ್ರೌನ್ ಏಲ್ ಅನ್ನೋ ಕಂದು ಬಣ್ಣದ ಬೀರ್ ಕುಡಿದಾಗ ನನಗೆ ಏನೂ ಗೊತ್ತಾಗಲಿಲ್ಲ. ಫ್ರೀಜರ್‌ನಿಂದ ತೆಗೆದ ಮಗ್‌ನಲ್ಲಿ ಬಂತು, ಪಕ್ಕದಲ್ಲಿ ಮಸಾಲಾ ಪಾಪಡ್ ಇತ್ತು, ಮಾತಾಡ್ತಾ ಮಾತಾಡ್ತಾ ಮುಗಿದೇ ಹೋಯಿತು. ಮನೆಗೆ ಬಂದ ಮೇಲೆ ಬೇಜಾರಾಯಿತು. ಬೆಳಗಾವಿಯಲ್ಲಿ ಇಂಥ ಕ್ರಾಫ್ಟ್ ಬೀರ್ ಸಿಗೋದೇ ಅಪರೂಪ, ಸಿಕ್ಕಿದ್ದನ್ನು ಸುಮ್ನೆ ಗಂಟಲಿಗೆ ಇಳಿಸಿಬಿಟ್ಟೆನಲ್ಲ ಅಂತ.

ಅದಕ್ಕೇ ಮುಂದಿನ ವಾರ ಅದೇ ಟಿಳಕವಾಡಿಯ ಪಬ್‌ಗೆ ರುಚಿ ನೋಡೋದಕ್ಕೇ ಅಂತ ದೋಸ್ತ್ ಜೊತೆ ಹೋದೆ. ಹೊರಗೆ ಜಿಟಿಜಿಟಿ ಮಳೆ. ಫ್ರೀಜರ್ ಮಗ್ ಬೇಡ, ಸಾದಾ ಗ್ಲಾಸಿನಲ್ಲಿ ಕೊಡಿ ಅಂದೆ. ವೇಟರ್ ಹುಡುಗನಿಗೆ ಆಶ್ಚರ್ಯ. "ಬೀರ್ ತಣ್ಣಗ ಇದ್ರನ ಚಲೋ ಅಲ್ರೀ ಸರ್?"

ನಾವು ಸಾಮಾನ್ಯವಾಗಿ ಕುಡಿಯೋ ತಿಳಿ ಬಣ್ಣದ ಲಾಗರ್ ಬೀರಿಗೆ ಅದು ಸರಿ. ಬ್ರೌನ್ ಏಲ್‌ಗೆ 10ರಿಂದ 13 ಡಿಗ್ರಿ ಬೇಕು. ಜಾಸ್ತಿ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ವಾಸನೆಯೂ ಮೇಲೆ ಏಳುವುದಿಲ್ಲ. ಗ್ಲಾಸ್ ಬಂದ ಮೇಲೆ ಎರಡೂ ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಕೂತೆ. ದೀಪಕ್ಕೆ ಹಿಡಿದು ನೋಡಿದರೆ ಹಾಲು ಹಾಕದ ಚಹಾದ ಬಣ್ಣ, ಅಂಚಿನಲ್ಲಿ ಕೆಂಪು, ಮೇಲೆ ಕೆನೆಬಣ್ಣದ ನೊರೆ.

ಆಮೇಲೆ ಮೂಗು ಹತ್ತಿರ ತಂದೆ. ಮೊದಲು ಹುರಿದ ಶೇಂಗಾದ ಸಿಪ್ಪೆ. ಗ್ಲಾಸನ್ನು ಸ್ವಲ್ಪ ತಿರುಗಿಸಿ ಮತ್ತೆ ಮೂಸಿದೆ. ಈ ಸಲ ಬಂದದ್ದು ಚಿಕ್ಕಂದಿನಿಂದ ಗೊತ್ತಿರುವ ವಾಸನೆ. ಕುಂದಾ! ಹಾಲು ಕುದ್ದು ಕುದ್ದು ಗಟ್ಟಿಯಾಗಿ, ಹರಳು ಹರಳಾಗಿ, ಸಕ್ಕರೆ ಬಿದ್ದು ಕಂದು ಬಣ್ಣಕ್ಕೆ ತಿರುಗುವಾಗ ಕಡಾಯಿಯಿಂದ ಏಳುತ್ತದಲ್ಲ, ಅದೇ.

ಇದು ಬರೀ ನನ್ನ ಕಲ್ಪನೆ ಅಲ್ಲ. ಪ್ರೋಟೀನ್ ಮತ್ತು ಸಕ್ಕರೆ ಅಂಶ ಒಟ್ಟಿಗೆ ಬಿಸಿಯಾದಾಗ ಕಂದು ಬಣ್ಣ ಮತ್ತು ಆ ಘಮ ಹುಟ್ಟುತ್ತದೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ವಿಜ್ಞಾನಿ ಮೇಯಾರ್, ಅವರ ಹೆಸರಲ್ಲೇ ಇವತ್ತಿಗೂ ಮೇಯಾರ್ ಕ್ರಿಯೆ ಅಂತ ಕರೆಯುತ್ತಾರೆ. ಕುಂದಾದಲ್ಲಿ ಹಾಲಿಗೆ ಆಗೋದು ಇಲ್ಲಿ ಬಾರ್ಲಿಗೆ ಆಗುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಬ್ರೌನ್ ಏಲ್‌ಗೂ ಬಹುಪಾಲು ಹಾಕೋದು ತಿಳಿ ಬಣ್ಣದ ಮಾಲ್ಟನ್ನೇ. ಅದರ ಜೊತೆ 200 ಡಿಗ್ರಿ ದಾಟಿಸಿ ಹುರಿದ ಚಾಕೊಲೇಟ್ ಮಾಲ್ಟ್ ಒಂದಿಷ್ಟು ಸೇರಿಸಿದರೂ ಸಾಕು, ಇಡೀ ಬೀರಿನ ಬಣ್ಣ ಬದಲಾಗುತ್ತದೆ. ಹೆಸರು ಚಾಕೊಲೇಟ್, ಚಾಕೊಲೇಟ್ ಮಾತ್ರ ಒಂದು ಚೂರೂ ಇರುವುದಿಲ್ಲ.

ಒಂದು ಸಣ್ಣ ಗುಟುಕು ತಗೊಂಡು ಬಾಯಲ್ಲೇ ಹೊರಳಿಸಿ, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಬೇಕು. ಅರ್ಧ ರುಚಿ ಸಿಗೋದು ಆ ಉಸಿರಿನಲ್ಲೇ. ಮೊದಲು ಬೆಲ್ಲದಂಥ ಸಿಹಿ, ನಂತರ ಹಂಚಿನ ಮೇಲೆ ಸ್ವಲ್ಪ ಹೊತ್ತಿದ ರೊಟ್ಟಿಯ ಅಂಚು, ಕೊನೆಗೆ ಒಂಚೂರು ಕಹಿ. ಬೀರಿನ ಕಹಿಯನ್ನು ಐಬಿಯು ಅನ್ನೋ ಅಳತೆಯಲ್ಲಿ ಅಳೆಯುತ್ತಾರೆ, ಅಂಕಿ ಜಾಸ್ತಿ ಇದ್ದಷ್ಟೂ ಕಹಿ ಜಾಸ್ತಿ. ಬ್ರೌನ್ ಏಲ್‌ನಲ್ಲಿ ಅದು 20ರಿಂದ 30, ಐಪಿಎ ಅನ್ನೋ ಜಾಸ್ತಿ ಕಹಿಯ ಬೀರಿನಲ್ಲಿ 40 ದಾಟಿರುತ್ತದೆ. ಈ ಪಬ್‌ನದ್ದು ಕೊನೆಯಲ್ಲಿ ಜಾಸ್ತಿ ಕುದಿಸಿದ ಚಹಾದ ಹಾಗೆ ನಾಲಿಗೆಯನ್ನು ಒಗರು ಮಾಡಿತು. ಆ ಹುರಿದ ಮಾಲ್ಟ್ ಸ್ವಲ್ಪ ಕಮ್ಮಿ ಹಾಕಬೇಕಿತ್ತು ಅಂತ ನನ್ನ ಅನಿಸಿಕೆ.

"ಇದರಾಗ ಕಿಕ್ಕೇ ಇಲ್ಲಲೇ" ಅಂದ ದೋಸ್ತ್. ನಮ್ಮ ಕಡೆ ಸ್ಟ್ರಾಂಗ್ ಬೀರ್ ಕುಡಿಯೋರೇ ಜಾಸ್ತಿ, ಅವನಿಗೆ ಹಾಗೆ ಅನಿಸೋದು ಸಹಜ. ಇದರಲ್ಲಿ ಆಲ್ಕೋಹಾಲ್ ಸುಮಾರು 5 ಪರ್ಸೆಂಟ್ ಅಷ್ಟೇ. 1927ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಶುರುವಾದ ಹೆಸರಾಂತ ಬ್ರೌನ್ ಏಲ್ ಕೂಡ 4.7 ಪರ್ಸೆಂಟಿನದು. ನಿಧಾನಕ್ಕೆ ಕುಡಿಯೋಕೆ ಅದೇ ಸರಿ.

ಅವನು ತರಿಸಿದ್ದು ಚಿಲ್ಲಿ ಚಿಕನ್. ಅದರ ಒಂದು ತುಂಡು ತಿಂದದ್ದೇ ತಡ, ಬೀರಿನ ಸಿಹಿಯೆಲ್ಲ ಮಾಯ, ಕಹಿ ಮಾತ್ರ ಉಳಿಯಿತು. ನೀರು ಕುಡಿದು, ಮಸಾಲೆ ಹಾಕದ ಹುರಿದ ಶೇಂಗಾ ತರಿಸಿದೆ. ಶೇಂಗಾ ಜೊತೆ ಮತ್ತೆ ಆ ರುಚಿ ಬಂತು. ಗ್ಲಾಸಿನ ತಳಕ್ಕೆ ಬರುವಷ್ಟರಲ್ಲಿ ಬೀರ್ ಇನ್ನೂ ಬೆಚ್ಚಗಾಗಿತ್ತು, ಕುಂದಾ ವಾಸನೆ ಇನ್ನೂ ಗಾಢವಾಗಿತ್ತು.

ವಾಪಸ್ ಬರುವಾಗ ಖಡೇಬಜಾರ್‌ನಲ್ಲಿ ಆಟೋ ನಿಲ್ಲಿಸಿ ಕಾಲು ಕಿಲೋ ಕುಂದಾ ತಗೊಂಡೆ. ಆಟೋದಲ್ಲೇ ಡಬ್ಬಿ ತೆರೆದು ದೋಸ್ತ್‌ನ ಮೂಗಿನ ಹತ್ತಿರ ಹಿಡಿದೆ. ಅವನು ಒಂದು ಸಲ ಮೂಸಿದ, ಮತ್ತೊಂದು ಸಲ ಮೂಸಿದ. "ಹೌದಲ್ಲೋ" ಅಂದ.