ಟ್ರೇಲರ್ ಹಿಂದಕ್ಕೆ ವಾಲದಂತೆ ಎರಡು ಕಾಲು

ಹೋದ ಜನವರಿಯಲ್ಲಿ ಚಿತ್ತಾಪುರ ಕಡೆಯ ನಮ್ಮ ಹೊಲದಲ್ಲಿ ತೊಗರಿ ರಾಶಿ ಮುಗಿದಿತ್ತು. ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಹೋಗಿತ್ತು. ಎರಡು ಗಾಲಿಯ ಟ್ರೇಲರ್ ಮಾತ್ರ ಮೂತಿಗೆ ಸ್ಟ್ಯಾಂಡ್ ಕೊಟ್ಟುಕೊಂಡು ನಿಂತಿತ್ತು. ಹಿಂಬದಿಯಿಂದ ಚೀಲ ಏರಿಸುತ್ತಾ ಹೋದೆವು. ಒಂಬತ್ತನೇ ಚೀಲಕ್ಕೆ ಮೂತಿ ಮೇಲೆದ್ದಿತು. ಮೇಲೆ ನಿಂತಿದ್ದ ಕಾಕಾ ಚೀಲಗಳ ಜೊತೆಗೇ ಜಾರಿ ನೆಲಕ್ಕೆ ಬಂದರು. ಕಾಲು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ವಾರವೇ ಹಿಂದಕ್ಕೆ ಎರಡು ಕಾಲು ಮಾಡಿಸಿದೆ. ಎರಡು ಗಾಲಿಯ ಟ್ರೇಲರ್ ಇರುವವರೆಲ್ಲ ಮಾಡಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಒಂದೇ ಆಕ್ಸಲ್ ಇರುವ ಟ್ರೇಲರ್ ಅಂದರೆ ತಕ್ಕಡಿ ಇದ್ದ ಹಾಗೆ. 50 ಕಿಲೋದ 10 ಚೀಲ ಆಕ್ಸಲ್‌ನಿಂದ 4 ಅಡಿ ಹಿಂದೆ ಕೂತವು ಅಂತಿಟ್ಟುಕೊಳ್ಳಿ. ಮೂತಿಯ ಹುಕ್ ಆಕ್ಸಲ್‌ನಿಂದ 8 ಅಡಿ ಮುಂದಿದ್ದರೆ, ಆ 500 ಕಿಲೋ ಅಲ್ಲಿ 250 ಕಿಲೋದಷ್ಟು ಮೇಲಕ್ಕೆತ್ತುತ್ತದೆ. ಮುಂದಿನ ಸ್ಟ್ಯಾಂಡ್ ಮೂತಿ ಕೆಳಗೆ ಬೀಳದಂತೆ ಹಿಡಿಯುತ್ತದೆ. ಮೇಲೆ ಏಳುವುದನ್ನು ಅದು ತಡೆಯಲ್ಲ.

ಒಂದೊಂದು ಕಾಲಿಗೂ ಎರಡು ಪೈಪು: ಹೊರಗಿನದು ಟ್ರೇಲರ್‌ಗೆ ಬೆಸೆಯುವ ತೋಳು, ಅದರೊಳಗೆ ಮೇಲೆ ಕೆಳಗೆ ಜಾರುವುದು ಕಾಲು. ಮೊದಲು ಸಮ ನೆಲದಲ್ಲಿ ಅಳತೆ ತೆಗೆದುಕೊಳ್ಳಿ. ನಮ್ಮದರಲ್ಲಿ ಹಿಂದಿನ ಅಡ್ಡ ಚಾನೆಲ್‌ನ (ತಳದ ಕಬ್ಬಿಣದ ತೊಲೆ) ತಳ ನೆಲದಿಂದ 70 ಸೆಂ.ಮೀ. ಎತ್ತರ, ಚಾನೆಲ್‌ನ ಎತ್ತರ 10 ಸೆಂ.ಮೀ. ತೋಳಿನ ಮೇಲ್ತುದಿ ಚಾನೆಲ್‌ನ ಮೇಲ್ತುದಿಗೆ ಸಮ. ಹೊರಗಿನ ತೋಳಿಗೆ 60 ಎಂ.ಎಂ. ಚೌಕ ಪೈಪು, 4 ಎಂ.ಎಂ. ದಪ್ಪ, 40 ಸೆಂ.ಮೀ. ಉದ್ದ. ಒಳಗಿನ ಕಾಲಿಗೆ 50 ಎಂ.ಎಂ. ಪೈಪು, 70 ಸೆಂ.ಮೀ. ಉದ್ದ. ಹೊರಪೈಪಿನ ಒಳಗೆ 52 ಎಂ.ಎಂ. ಜಾಗ ಸಿಗುತ್ತದೆ, ಹಾಗಾಗಿ ಕಾಲು ಸಲೀಸಾಗಿ ಜಾರುತ್ತದೆ. ಆದರೆ ಪೈಪಿನ ಒಳಗೆ ಬೆಸುಗೆಯ ಉಬ್ಬು ಗೆರೆ ಇರುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಕಾಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಪೈಪು ಕೊಳ್ಳುವಾಗಲೇ ಎರಡು ತುಂಡು ಒಂದರೊಳಗೊಂದು ಹಾಕಿ ನೋಡಿ.

ಒಳಗಿನ ಕಾಲಿಗೆ 5 ಸೆಂ.ಮೀ.ಗೊಂದು ತೂತು, ಹೊರಗಿನ ತೋಳಿಗೆ ಒಂದೇ ತೂತು. ಪಿನ್ 16 ಎಂ.ಎಂ., ತೂತು 17. ಕೈ ಡ್ರಿಲ್ಲಿನಲ್ಲಿ ಆ ಕಡೆ ಈ ಕಡೆಯ ತೂತು ನೇರ ಬರುವುದು ಕಷ್ಟ. ಸ್ಟ್ಯಾಂಡ್ ಡ್ರಿಲ್ ಇರುವ ವರ್ಕ್‌ಶಾಪಿಗೆ ಹೋಗುವುದೇ ಒಳ್ಳೆಯದು.

ತೋಳನ್ನು ತಳದ ತಗಡಿಗೆ ಬೆಸೆಯಬೇಡಿ, ಹರಿದು ಬರುತ್ತದೆ. ಉದ್ದ ಚಾನೆಲ್ ಮತ್ತು ಅಡ್ಡ ಚಾನೆಲ್ ಸೇರುವ ಮೂಲೆಗೇ ಹಚ್ಚಬೇಕು. ಬಣ್ಣ ಪೂರ್ತಿ ಕೆರೆದು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ. ಮೂಲೆಗೆ ತ್ರಿಕೋನ ತಗಡು ಹಾಕಿ, ತೋಳಿನ ಕೆಳತುದಿಯಿಂದ ಉದ್ದ ಚಾನೆಲ್‌ಗೆ ಓರೆಯಾಗಿ ಒಂದು ಪಟ್ಟಿ ಕೊಡಿ. ಟ್ರೇಲರ್ ಹಿಂದೆ ಮುಂದೆ ಸ್ವಲ್ಪ ಅಲುಗಿದರೂ ಕಾಲಿನ ಬುಡಕ್ಕೇ ಏಟು ಬೀಳುವುದು, ಅದಕ್ಕೇ ಈ ಪಟ್ಟಿ. ಬೆಸೆಯುವ ಮೊದಲು ಟ್ರೇಲರ್ ಟ್ರ್ಯಾಕ್ಟರ್‌ನಿಂದ ಬಿಚ್ಚಿರಲಿ. ಕೊನೆಗೆ ತುಕ್ಕು ಹಿಡಿಯದಂತೆ ಎರಡು ಕೋಟ್ ರೆಡ್ ಆಕ್ಸೈಡ್ ಬಣ್ಣ.

ಪಾದದ ತಗಡು ನಮ್ಮ ಕಡೆ ದೊಡ್ಡದೇ ಬೇಕು. ಹಸಿ ಇದ್ದಾಗ ನಮ್ಮ ಕರಿ ಮಣ್ಣು ಏನನ್ನೂ ನುಂಗುತ್ತದೆ. ನಾನು 20 ಸೆಂ.ಮೀ. ಚೌಕದ, 8 ಎಂ.ಎಂ. ದಪ್ಪದ ತಗಡು ಹಾಕಿದ್ದೇನೆ. ಅಷ್ಟೂ ಸಾಲದೆಂದು ಕೆಳಗೆ ಹಲಗೆ ಇಡುತ್ತೇನೆ. ಮೊದಲು ಮನೆಯಲ್ಲಿದ್ದ ಶಹಾಬಾದಿ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ಇಟ್ಟು ನೋಡಿದೆ. ನೆಲ ಒಂದು ಕಡೆ ತಗ್ಗಿತ್ತು, ಫರ್ಸಿ ಮಧ್ಯಕ್ಕೆ ಸೀಳಿತು. ಜಾಲಿ ಮರದ ದಪ್ಪ ಹಲಗೆ ಬಗ್ಗುತ್ತದೆ, ಒಡೆಯಲ್ಲ.

ಈಗ ಮುಖ್ಯ ಮಾತು. ಕಾಲನ್ನು ನೆಲಕ್ಕೆ ಬಿಗಿಯಾಗಿ ಊರಬೇಡಿ. ಪಾದಕ್ಕೂ ಹಲಗೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ತೂತು ಸರಿ ಕೂಡದಿದ್ದರೆ ಇನ್ನೊಂದು ಹಲಗೆ ಸೇರಿಸಿ ಅಥವಾ ತೆಗೆದು ಹೊಂದಿಸಿ. ಚೀಲ ಏರಿದ ಹಾಗೆ ಕಮಾನು ಪಾಟಾ (ಗಾಲಿಯ ಸ್ಪ್ರಿಂಗ್) ಕುಗ್ಗುತ್ತದೆ, ಟಯರ್ ಕೂರುತ್ತದೆ. ಬಿಗಿಯಾಗಿ ಊರಿದ್ದರೆ ಗಾಲಿ ಹೊರಬೇಕಾದ ಭಾರವೆಲ್ಲ ಕಾಲಿಗೆ ಬರುತ್ತದೆ. ಆಮೇಲೆ ಪಿನ್ ಸುತ್ತಿಗೆಯಲ್ಲಿ ಹೊಡೆದರೂ ಬರುವುದಿಲ್ಲ. ಕಾಲಿನ ಕೆಲಸ ಭಾರ ಹೊರುವುದಲ್ಲ, ವಾಲಿದರೆ ಹಿಡಿಯುವುದು. ಜಾಗ ಬಿಟ್ಟರೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಇದನ್ನು ಜಾಕ್ ಅಂದುಕೊಂಡು ಯಾರೂ ಟ್ರೇಲರ್ ಕೆಳಗೆ ಹೋಗಬಾರದು.

ಚೀಲ ತುಂಬಿದ ಮೇಲೆ ಕಾಲನ್ನು ಮೇಲಕ್ಕೇರಿಸಿ ಪಿನ್ ಹಾಕಿ ಹೊರಡೋಣ ಅನಿಸುತ್ತದೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ತೋಳು 40 ಸೆಂ.ಮೀ., ಕಾಲು 70. ಪೂರ್ತಿ ಏರಿಸಿದರೂ 30 ಸೆಂ.ಮೀ. ಹೊರಗೆ ಜೋತಾಡುತ್ತದೆ, ಪಾದ ನೆಲದಿಂದ ಗೇಣುದ್ದವೂ ಮೇಲಿರುವುದಿಲ್ಲ. ಬದು ದಾಟುವಾಗ ತಾಗಿ ಎಡಗಾಲು ಬಗ್ಗಿತು. ತೋಳಿನ ಬಾಯಿ ನೆಲದಿಂದ 40 ಸೆಂ.ಮೀ. ಮಾತ್ರ, ಹಾಗಾಗಿ 70 ಸೆಂ.ಮೀ. ಕಾಲನ್ನು ಕೆಳಕ್ಕೆ ಎಳೆದು ತೆಗೆಯಲೂ ಬರಲ್ಲ. ಈಗ ಕಾಲು ಪೂರ್ತಿ ಏರಿಸಿ ಪಿನ್ ಹಾಕಿದ ಮೇಲೂ ಬದು ತಪ್ಪಿಸಿ, ಸಮ ದಾರಿಯಲ್ಲೇ ನಿಧಾನ ಒಯ್ಯುತ್ತೇನೆ. ಪಿನ್ನು ಕಳೆಯದ ಹಾಗೆ ಸಣ್ಣ ಸರಪಳಿ ಹಾಕಿದೆ.

ರಾಶಿ ಸಮಯದಲ್ಲಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಬೇಗ ಮುಟ್ಟುವ ಅವಸರ ಎಲ್ಲರಿಗೂ ಇರುತ್ತದೆ. ಕಾಲು ಊರಿದ್ದು ಮರೆತು ಗಾಡಿ ಎಳೆದರೆ ತೋಳು ಬುಡಸಮೇತ ಕಿತ್ತು ಬರುತ್ತದೆ. ಅದಕ್ಕೆ ಕಾಲು ಊರಿದ ಕೂಡಲೇ ಟ್ರ್ಯಾಕ್ಟರ್ ಚಾವಿಯ ರಿಂಗನ್ನು ಬಲಗಾಲಿನ ಪಿನ್ನಿಗೆ ಪೋಣಿಸಿಬಿಡುತ್ತೇನೆ. ಪಿನ್ ಕಳಚುವ ತನಕ ಚಾವಿ ಕೈಗೆ ಬರಲ್ಲ. ಕಾಕಾ ಈಗ ಚೀಲ ಏರಿಸುವ ಮುನ್ನ ಮೊದಲು ಕೇಳುವುದೇ, "ಚಾವಿ ಎಲ್ಲೈತಿ ತಮ್ಮಾ?" ಅಂತ.