ಕಯಾಕ್ ಹುಟ್ಟು ಹಾಕಿ ಬೋನು ನೋಡಲು ಹೋದೆವು

ನ್ಯೂಜಿಲೆಂಡ್‌ಗೆ ಕಾಲೇಜು ಮಕ್ಕಳ ಪ್ರವಾಸ ಅಂದರೆ ಬಂಜಿ ಜಂಪಿಂಗ್, ಹಿಮನದಿ, ಸಿನಿಮಾ ಶೂಟಿಂಗ್ ನಡೆದ ಜಾಗ ಎಂದೇ ಎಲ್ಲರ ಲೆಕ್ಕ. ನಾನು ಪರಿಸರ ವಿಜ್ಞಾನ ಕಲಿಸುವವಳು. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದು ದಕ್ಷಿಣ ದ್ವೀಪದ ಉತ್ತರ ತುದಿಯ ಏಬಲ್ ಟ್ಯಾಸ್ಮನ್ ರಾಷ್ಟ್ರೀಯ ಉದ್ಯಾನಕ್ಕೆ. ಅಲ್ಲಿ ಬೋನುಗಳನ್ನು ತೆಗೆದು ನೋಡುವುದು, ಪೈನ್ ಸಸಿ ಕೀಳುವುದು ನಮ್ಮ ಕೆಲಸ. ಅದರ ಜೊತೆಗೆ ಕಯಾಕ್ ಎಂಬ ಕಿರುದೋಣಿಯ ಪಯಣ ಮತ್ತು ಕಡಲಂಚಿನ ಚಾರಣ.

ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು: "ಇಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ ಕೂಲಿ ಕೆಲಸ ಮಾಡ್ಬೇಕಾ ಮೇಡಂ?" ನ್ಯಾಯವಾದ ಪ್ರಶ್ನೆ. ಕಾಡಿನ ಸೇವೆಯನ್ನೇ ಮಾಡಬೇಕಿದ್ದರೆ ಬಂಡೀಪುರದ ತುಂಬಾ ಲಂಟಾನ ಎಂಬ ಕಳೆ ಇದೆ. ಅದಕ್ಕೇ ನಾನು ಮೊದಲೇ ಒಂದು ನಿಯಮ ಮಾಡಿಕೊಂಡೆ. ನಮ್ಮೂರ ಹತ್ತಿರ ಲಂಟಾನ ಕಿತ್ತವರು, ಕೆರೆಯ ಹಕ್ಕಿ ಎಣಿಸಿದವರು, ಇಂಥ ಕೆಲಸಕ್ಕೆ ತಿಂಗಳುಗಟ್ಟಲೆ ತಪ್ಪದೆ ಬಂದವರು ಮಾತ್ರ ಈ ಪ್ರವಾಸಕ್ಕೆ ಬರಬಹುದು. ಫೋಟೋಕ್ಕಾಗಿ ಬರುವವರು ಊರಲ್ಲೇ ಉಳಿದರು. ಕೆಲವೇ ದಿನದ ಸೇವೆಗಾಗಿ ಅರ್ಧ ಭೂಮಿ ದಾಟಿ ವಿಮಾನದಲ್ಲಿ ಹೋಗುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಮನೆಯಲ್ಲಿ ಈ ಕೆಲಸ ಮುಂದುವರಿಸುವ ಮಕ್ಕಳು, ಅದನ್ನು ವರ್ಷಾನುಗಟ್ಟಲೆ ಅಚ್ಚುಕಟ್ಟಾಗಿ ಮಾಡುವ ಜನರ ಜೊತೆ ಕೈಜೋಡಿಸಿ ಕಲಿಯುವುದಾದರೆ ಅದರ ಬೆಲೆಯೇ ಬೇರೆ.

ಹಾಗಾದರೆ ಅಲ್ಲಿ ಯಾವ ಕೆಲಸ ಆರಿಸಿಕೊಳ್ಳಬೇಕು? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ನಾವು ಹೋಗದಿದ್ದರೂ ಅಲ್ಲಿನವರು ಹೇಗೂ ಮಾಡುವ ಕೆಲಸಕ್ಕೇ ಸೇರಿಕೊಳ್ಳಬೇಕು. ಅತಿಥಿಗಳು ಬರುತ್ತಾರೆ ಎಂದು ಹೊಸದಾಗಿ ಹುಟ್ಟಿಸಿದ ಕೆಲಸ ಬೇಡ. ಪ್ಯಾಕೇಜ್ ಮಾರುವವರು ಚಂದದ ಕೆಲಸಗಳ ಪಟ್ಟಿಯನ್ನೇ ಕಳಿಸಿದ್ದರು. ಅದನ್ನು ಬಿಟ್ಟು ಅಲ್ಲಿನ ಸ್ವಯಂಸೇವಕರ ಗುಂಪಿಗೆ ಬರೆದು, "ನಿಮಗೆ ಕೈ ಸಾಲದೆ ಬಾಕಿ ಉಳಿದಿರುವ ಕೆಲಸ ಯಾವುದು?" ಎಂದು ಕೇಳಿದೆ. ಬೋನು ಸಾಲುಗಳನ್ನು ನೋಡುವುದು, ಪೈನ್ ಕೀಳುವುದು ಎಂದು ಉತ್ತರ ಬಂತು.

ಬೋನು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಸಸ್ತನಿಗಳು ನ್ಯೂಜಿಲೆಂಡ್‌ನಲ್ಲಿ ಮೂಲತಃ ಇರಲೇ ಇಲ್ಲ. ಹಾಗಾಗಿ ಅಲ್ಲಿನ ಎಷ್ಟೋ ಹಕ್ಕಿಗಳು ಹಾರುವುದನ್ನೇ ಬಿಟ್ಟವು, ನೆಲದಲ್ಲೇ ಮೊಟ್ಟೆ ಇಟ್ಟವು. ಆಮೇಲೆ ಹಡಗುಗಳಲ್ಲಿ ಇಲಿ ಬಂತು. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಆಸ್ಟ್ರೇಲಿಯಾದಿಂದ ಪೋಸಮ್ ಎಂಬ ಮರವಾಸಿ ಪ್ರಾಣಿಯನ್ನು ತಂದರು. ತಂದು ಬಿಟ್ಟ ಮೊಲಗಳು ಮಿತಿಮೀರಿದಾಗ ಅವನ್ನು ಹಿಡಿಯಲೆಂದು 1880ರ ದಶಕದಲ್ಲಿ ಸ್ಟೋಟ್ ತಂದರು. ಸ್ಟೋಟ್ ಅಂದರೆ ನಮ್ಮ ಮುಂಗುಸಿಯ ಹಾಗೆ ಉದ್ದ ಮೈಯ ಚುರುಕು ಪ್ರಾಣಿ. ಅದು ಮೊಲವನ್ನಷ್ಟೇ ತಿನ್ನಲಿಲ್ಲ, ಕಿವಿ ಹಕ್ಕಿಯ ಮರಿಗಳನ್ನೂ ಮುಗಿಸಿತು. 2050ರ ಹೊತ್ತಿಗೆ ಈ ಬೇಟೆಗಾರ ಪ್ರಾಣಿಗಳಿಂದ ದೇಶವನ್ನು ಮುಕ್ತ ಮಾಡುತ್ತೇವೆ ಎಂದು ಅಲ್ಲಿನ ಸರ್ಕಾರ 2016ರಲ್ಲಿ ಘೋಷಿಸಿತು. ಏಬಲ್ ಟ್ಯಾಸ್ಮನ್ ಉದ್ಯಾನ ಶುರುವಾಗಿದ್ದು 1942ರಲ್ಲಿ. ನೂರು ವರ್ಷ ತುಂಬುವ 2042ರೊಳಗೆ ಅಲ್ಲಿನ ಜೀವಸಂಕುಲವನ್ನು ಮತ್ತೆ ಮೇಲೆತ್ತಬೇಕೆಂದು 'ಪ್ರಾಜೆಕ್ಟ್ ಜಾನ್ಸೂನ್' ಎಂಬ ಸಂಸ್ಥೆ 2012ರಿಂದ ದುಡಿಯುತ್ತಿದೆ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಮಕ್ಕಳು ತಲೆಯಾಡಿಸಿದರು. ಬೋನು ಅಂದರೆ ಹಿಡಿದು ಬಿಡುವುದಲ್ಲ, ಕೊಲ್ಲುವುದು ಎಂದಾಗ ಎಲ್ಲರೂ ಸುಮ್ಮನಾದರು. "ಮೇಡಂ, ನನ್ನ ಕೈಯಲ್ಲಿ ಇದು ಆಗಲ್ಲ" ಎಂದಳು ಒಬ್ಬ ಹುಡುಗಿ. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ಒಂದು ಜೀವ ಉಳಿಸಲು ಇನ್ನೊಂದನ್ನು ತೆಗೆಯುವುದು ಸಣ್ಣ ವಿಷಯ ಅಲ್ಲ. ಹೊರಡುವ ಮೊದಲು ಎಷ್ಟೋ ಸಂಜೆ ಕೂತು ಇದನ್ನೇ ಮಾತಾಡಿದೆವು. ಯಾರಿಗೆ ಯಾವ ಕೆಲಸ ಎಂದು ಅವರವರೇ ಆರಿಸಿಕೊಂಡರು. ಆ ಹುಡುಗಿ ಪೈನ್ ಕೀಳುವುದನ್ನೂ ಲೆಕ್ಕ ಬರೆಯುವುದನ್ನೂ ತೆಗೆದುಕೊಂಡಳು. ಈ ಮಾತುಕತೆ ಊರಲ್ಲೇ ಮುಗಿದಿರಬೇಕು. ಕಾಡಿನ ನಡುವೆ, ಬೋನಿನ ಮುಂದೆ ಮೊದಲ ಸಲ ಶುರುವಾಗಬಾರದು.

ಬೋನು ಇರುವುದು ಮರದ ಪೆಟ್ಟಿಗೆಯೊಳಗೆ. ಹಕ್ಕಿಗಳು ನುಗ್ಗದಂತೆ ಒಳಗೆ ಜಾಲರಿಯ ತಡೆ. ಆಮಿಷಕ್ಕೆ ಕೋಳಿಮೊಟ್ಟೆ, ಇಲ್ಲವೇ ಮಾಂಸದ ತುಂಡು. ಸ್ಪ್ರಿಂಗ್ ಬೆರಳು ಮುರಿಯುವಷ್ಟು ಬಿರುಸು. ಹಾಗಾಗಿ ಅದನ್ನು ಹೂಡುವುದು ತರಬೇತಿ ಪಡೆದ ಸ್ಥಳೀಯರು ಮಾತ್ರ. ನಮ್ಮ ಮಕ್ಕಳು ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದು, ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಹಳೆಯ ಮೊಟ್ಟೆ ತೆಗೆದು ಹೊಸದಿಟ್ಟು, ಫೋನ್‌ನಲ್ಲಿ ದಾಖಲಿಸುತ್ತಿದ್ದರು. ಹೆಚ್ಚಿನ ಪೆಟ್ಟಿಗೆಗಳು ಖಾಲಿ. ಹುಡುಗರಿಗೆ ಬೇಜಾರು. ಜೊತೆಗಿದ್ದ ಹಿರಿಯ ಸ್ವಯಂಸೇವಕರೊಬ್ಬರು ತಾಳ್ಮೆಯಿಂದ ವಿವರಿಸಿದರು. ಖಾಲಿ ಇದೆ ಎನ್ನುವುದೂ ಮಾಹಿತಿಯೇ. ಅದನ್ನು ಬರೆಯದಿದ್ದರೆ ಎಲ್ಲಿ ಪ್ರಾಣಿ ಕಮ್ಮಿಯಾಯಿತು, ಎಲ್ಲಿ ಯಾರೂ ಹೋಗಿ ನೋಡಲೇ ಇಲ್ಲ ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾರನೇ ದಿನದಿಂದ ಖಾಲಿ ಪೆಟ್ಟಿಗೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದರು. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಸಾಹಸ ಮತ್ತು ಸೇವೆಯನ್ನು ನಾನು ಬೇರೆ ಬೇರೆ ದಿನಕ್ಕೆ ಹಂಚಲಿಲ್ಲ. ಬೆಳಿಗ್ಗೆ ದುಡಿಮೆ, ಮಧ್ಯಾಹ್ನ ಮಜಾ ಅಂತ ಹಂಚಿದರೆ ಮಕ್ಕಳು ಮಧ್ಯಾಹ್ನಕ್ಕೇ ಕಾಯುತ್ತಾರೆ, ಅಲ್ವಾ? ಈ ಉದ್ಯಾನದ ಕಡಲಂಚಿನ ಹೆಚ್ಚಿನ ಭಾಗಕ್ಕೆ ರಸ್ತೆ ಇಲ್ಲ. ನಡೆಯಬೇಕು, ಇಲ್ಲವೇ ನೀರಿನಲ್ಲಿ ಹೋಗಬೇಕು. ಹಾಗಾಗಿ ಮಾರಹೌ ಎಂಬ ಊರಿನಿಂದ ಗೈಡ್ ಜೊತೆ ಇಬ್ಬರು ಕೂರುವ ಕಯಾಕ್‌ನಲ್ಲಿ ಹೊರಟು, ಕೆಲಸದ ಜಾಗಕ್ಕೇ ಹುಟ್ಟು ಹಾಕಿಕೊಂಡು ಹೋದೆವು. ಹುಟ್ಟು ಹಾಕದಿದ್ದರೆ ಕೆಲಸವೇ ಇಲ್ಲ. ದಾರಿಯಲ್ಲಿ ಬಂಡೆಗಳ ಮೇಲೆ ಮಲಗಿದ್ದ ಸೀಲ್‌ಗಳನ್ನು ದೂರದಿಂದಲೇ ನೋಡಿದೆವು.

ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಒಳನಾಡಿನವರು, ಈಜು ಬಾರದವರು. ಅದಕ್ಕೆ ಊರಲ್ಲೇ ಈಜು ಕಲಿಯುವುದನ್ನು ಕಡ್ಡಾಯ ಮಾಡಿದ್ದೆ. ಲೈಫ್ ಜಾಕೆಟ್ ಇದ್ದರೂ, ಮಗುಚಿದ ಕಯಾಕ್‌ನಿಂದ ಗಾಬರಿಯಾಗದೆ ಹೊರಗೆ ಬರುವುದಕ್ಕೆ ನೀರಿನ ಅಭ್ಯಾಸ ಬೇಕೇ ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ನಡಿಗೆಯಲ್ಲಿ ದಿನದ ಗಡಿಯಾರ ಸಮುದ್ರದ ಕೈಯಲ್ಲಿ. ಅವರೋವಾ ಎಂಬಲ್ಲಿ ಅಗಲವಾದ ಅಳಿವೆ ದಾಟಬೇಕು. ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಇಳಿತದ ನಂತರ ಎರಡು ಗಂಟೆಯವರೆಗೆ ಮಾತ್ರ ದಾಟಬಹುದು. ಸುತ್ತಿ ಹೋಗುವ ದಾರಿ ಇಲ್ಲ. ಆ ವೇಳಾಪಟ್ಟಿ ನೋಡಿ, ಯಾವ ದಿನ ಎಷ್ಟು ಬೋನು ಎಂದು ವಿದ್ಯಾರ್ಥಿಗಳೇ ಯೋಜನೆ ಹಾಕಿದರು. ಒಮ್ಮೆ ಕತ್ತಲಿರುವಾಗಲೇ ಎದ್ದು ಹೊರಡಬೇಕಾಯಿತು. ಯಾರೂ ಗೊಣಗಲಿಲ್ಲ, ಸಮಯ ಅವರೇ ಲೆಕ್ಕ ಹಾಕಿದ್ದಲ್ವಾ.

ಇನ್ನು ಕಾಗದಪತ್ರ. ಭಾರತದ ಪಾಸ್‌ಪೋರ್ಟ್‌ಗೆ ವಿಸಿಟರ್ ವೀಸಾ ಮೊದಲೇ ಬೇಕು. ಸೇವೆಗೆ ಬದಲಾಗಿ ಊಟ, ವಸತಿ ಪುಕ್ಕಟೆ ಪಡೆದರೆ ಅದನ್ನೂ ಪ್ರತಿಫಲ ಎಂದು ಲೆಕ್ಕ ಹಿಡಿಯುತ್ತಾರೆ, ಆಗ ಅದು ಕೆಲಸವಾಗಿಬಿಡುತ್ತದೆ. ಹಾಗಾಗಿ ನಮ್ಮ ಖರ್ಚೆಲ್ಲ ನಮ್ಮದೇ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದೆವು. ವಿಮಾನ ನಿಲ್ದಾಣದಲ್ಲಿ ಜೈವಿಕ ಸುರಕ್ಷತೆಯ ತಪಾಸಣೆ ಬಹಳ ಬಿಗಿ. ತಿನ್ನುವ ವಸ್ತು ಇದ್ದೂ ಹೇಳದಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಶೂ ತಳದ ಮಣ್ಣನ್ನೂ ನೋಡುತ್ತಾರೆ. ಹಾಲಿನ ಪದಾರ್ಥ, ಜೇನುತುಪ್ಪ ಬೇಡವೇ ಬೇಡ ಎಂದು ಅಮ್ಮಂದಿರಿಗೆ ನಾನೇ ಫೋನ್ ಮಾಡಿ ಹೇಳಿದೆ. ಚಟ್ನಿಪುಡಿ ತಂದವರು ಫಾರ್ಮ್‌ನಲ್ಲಿ ಬರೆದು, ಅಧಿಕಾರಿಗೆ ತೋರಿಸಿದರು. ಬೇರೆ ದೇಶದ ಒಂದು ಬೀಜ ಏನು ಮಾಡಬಲ್ಲದು ಎಂಬ ಪಾಠ ಅಲ್ಲೇ ಶುರುವಾಯಿತು.

ಆ ಪಾಠ ಪೂರ್ತಿಯಾಗಿದ್ದು ಪೈನ್ ಕೀಳುವಾಗ. ಮರಮುಟ್ಟಿಗಾಗಿ ಹೊರಗಿನಿಂದ ತಂದು ನೆಟ್ಟ ಜಾತಿ, ಗಾಳಿಯಲ್ಲಿ ಬೀಜ ಹಾರಿಸಿ ಕಾಡಿನೊಳಗೂ ಹಬ್ಬಿತು. ತೋಟದ ಅಂದಕ್ಕೆಂದು ಬಂದ ಲಂಟಾನ ನಮ್ಮ ಕಾಡು ತುಂಬಿದಂತೆಯೇ. "ಊರಲ್ಲಿ ಮಾಡಿದ್ದೇ ಇಲ್ಲೂ ಮಾಡ್ತಿದ್ದೀವಿ ಮೇಡಂ" ಎಂದ ಬಂಡೀಪುರದ ಕಡೆಯ ಹುಡುಗ. ಆದರೆ ಒಂದು ವ್ಯತ್ಯಾಸವನ್ನು ಅವನೇ ಗುರುತಿಸಿದ. ಅಲ್ಲಿ ಕಿತ್ತ ಜಾಗಕ್ಕೆ ಗುರುತು ಹಾಕಿ, ಮತ್ತೆ ಚಿಗುರಿದೆಯಾ ಎಂದು ನೋಡಲು ತಿರುಗಿ ಬರುತ್ತಾರೆ. ನಾವು ಒಮ್ಮೆ ಕಿತ್ತು ಬಿಟ್ಟುಬಿಡುತ್ತೇವೆ.

ಹೋಗಬೇಕೆಂದಿರುವ ಅಧ್ಯಾಪಕರಿಗೆ ಇನ್ನೆರಡು ಮಾತು. ಅಲ್ಲಿ ಬೇಸಿಗೆ ರಜೆಯ ನೂಕುನುಗ್ಗಲು ಕ್ರಿಸ್‌ಮಸ್‌ನಿಂದ ಜಾಸ್ತಿ. ಡಿಸೆಂಬರ್ ಮೊದಲ ವಾರಗಳು ಒಳ್ಳೆಯದು. ಚಾರಣಿಗರು ರಾತ್ರಿ ತಂಗುವ ಹಟ್‌ಗಳನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಅವುಗಳಲ್ಲಿ ಅಡುಗೆ ಒಲೆ ಇರುವುದಿಲ್ಲ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲವಾದ್ದರಿಂದ ನೆಲ್ಸನ್ ಊರಿನಲ್ಲಿ ಕೊಂಡುಕೊಳ್ಳಿ. ಅಲ್ಲೇ ಸ್ಯಾಂಡ್‌ಫ್ಲೈ ಎಂಬ ಕಚ್ಚುವ ನೊಣಕ್ಕೆ ಹಚ್ಚಿಕೊಳ್ಳುವ ಔಷಧಿಯನ್ನೂ ತಗೊಳ್ಳಿ. ಅನ್ನ, ಬೇಳೆ, ಒಗ್ಗರಣೆಗೆ ಬೇಕಾದದ್ದೆಲ್ಲ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ.