ಊರಿನ ಫೋಟೋ ಮಸುಕಾಗದಂತೆ ಕಳಿಸುವುದು ಹೇಗೆ

ನಮ್ಮೂರ ಬೀದಿ, ಬಸ್ ನಿಲ್ದಾಣ, ಪಕ್ಕದ ಪಟ್ಟಣದ ಮಾರುಕಟ್ಟೆ, ಹೀಗೆ ದಿನಾ ಕಣ್ಣಿಗೆ ಬೀಳುವ ನೋಟಗಳನ್ನು ವಾಟ್ಸಾಪ್‌ನಲ್ಲಿ ಹಂಚುವಾಗ ಗ್ಯಾಲರಿಯಿಂದ ಕಳಿಸಬೇಡಿ. ಅಟ್ಯಾಚ್ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೋ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕ ಮತ್ತು ಜಾಗದ ವಿವರವನ್ನೂ ಅಳಿಸಿಬಿಡುತ್ತದೆ. ಡಾಕ್ಯುಮೆಂಟ್ ಆದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ಫೋಟೋವನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುವ ‘ಎಚ್‌ಡಿ’ ಆಯ್ಕೆ ಸ್ವಲ್ಪ ವಾಸಿ, ಆದರೆ ಅದೂ ಮೂಲ ಫೈಲ್ ಅಲ್ಲ. ವ್ಯತ್ಯಾಸ ಗೊತ್ತಾಗುವುದು ಜೂಮ್ ಮಾಡಿದಾಗ. ಅಂಗಡಿ ಬೋರ್ಡಿನ ಕೆಳಗಿನ ಸಣ್ಣ ಅಕ್ಷರ, ಹಳೇ ಗೋಡೆಯ ಬಿರುಕಿನಲ್ಲಿ ಚಿಗುರಿದ ಗಿಡದ ಎರಡು ಎಲೆ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಊರು ಬಿಟ್ಟು ದೂರ ಇರುವವರು ಹುಡುಕುವುದೇ ಅಂಥದ್ದನ್ನು, ಅಲ್ವಾ? ಇಷ್ಟು ಸಣ್ಣ ಕೆಲಸಕ್ಕೆ ಅವರಿಗೆ ಆಗುವ ಸಂತೋಷ ದೊಡ್ಡದು. ಆದರೆ ಒಂದು ಎಚ್ಚರಿಕೆ: ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗದ ವಿವರವೂ ಫೈಲ್ ಜೊತೆಗೇ ಹೋಗಬಹುದು. ಹಾಗಾಗಿ ಮನೆ ಮುಂದೆ ತೆಗೆದದ್ದನ್ನು, ಮಕ್ಕಳಿರುವುದನ್ನು ದೊಡ್ಡ ಗುಂಪುಗಳಿಗೆ ಈ ರೀತಿ ಕಳಿಸಲೇಬೇಡಿ. ನೆಟ್‌ವರ್ಕ್ ದುರ್ಬಲ ಇದ್ದರೆ ಫೈಲ್ ಹೋಗಲು ತುಂಬಾ ಹೊತ್ತು ಹಿಡಿಯುತ್ತದೆ, ನೋಡುವವರ ಡೇಟಾ ಕೂಡ ಜಾಸ್ತಿ ಖರ್ಚಾಗುತ್ತದೆ. ಐಫೋನ್‌ನಲ್ಲಿ ತೆಗೆದ ಕೆಲವು ಫೋಟೋಗಳು ಹಳೇ ಫೋನುಗಳಲ್ಲಿ ತೆರೆಯುವುದಿಲ್ಲ; ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟರೆ ಮುಂದೆ ತೆಗೆಯುವವು ಸರಿಹೋಗುತ್ತವೆ. ಬೇರೆ ಯಾರೋ ಫಾರ್ವರ್ಡ್ ಮಾಡಿ ಆಗಲೇ ಮಸುಕಾದ ಫೋಟೋಗೆ ಮಾತ್ರ ಇದರಿಂದ ಏನೂ ಉಪಯೋಗ ಇಲ್ಲ, ತೆಗೆದವರಿಂದಲೇ ಮತ್ತೆ ಕೇಳಿ ತರಿಸಿಕೊಳ್ಳಿ.